ಭಾವನ ಜೊತೆ ಫೌಸ್ಟೊ ಕೊಪ್ಪಿಯ ಊರಿಗೆ: ಇಟಲಿಯಲ್ಲಿ ಐದು ದಿನ

ನಮ್ಮ ಭಾವನಿಗೆ ಪುತ್ತೂರಲ್ಲಿ ಸೈಕಲ್ ಶಾಪ್ ಇತ್ತು, ಅವರ ಅಪ್ಪನ ಕಾಲದ್ದು. ಗಂಟೆಗೆ ಇಷ್ಟು ಅಂತ ಬಾಡಿಗೆಗೆ ಸೈಕಲ್ ಕೊಡುವುದು, ಪಂಕ್ಚರ್ ಹಾಕುವುದು, ಮಳೆಗಾಲ ಮುಗಿದ ಮೇಲೆ ಓವರ್‌ಹಾಲ್, ಇಷ್ಟೇ ವ್ಯಾಪಾರ. ಬೈಕುಗಳು ಬಂದ ಮೇಲೆ ಶಾಪ್ ಮುಚ್ಚಿತು, ಭಾವ ಅಡಿಕೆ ತೋಟ ನೋಡ್ಕೊಂಡು ಇದ್ದಾರೆ, ಆದ್ರೆ ಕೈಯ ಅಭ್ಯಾಸ ಹೋಗ್ಲಿಲ್ಲ, ಯಾರ ಸೈಕಲ್ ಕಂಡ್ರೂ ಮೊದ್ಲು ಟಯರಿಗೆ ಹೆಬ್ಬೆರಳು ಒತ್ತಿ ಗಾಳಿ ನೋಡ್ತಾರೆ. ಕಳೆದ ಜೂನಿನಲ್ಲಿ ಅವರು ಸ್ಟುಟ್‌ಗಾರ್ಟಿನಲ್ಲಿ ನನ್ನ ಮನೆಗೆ ಬಂದಾಗ ವೆನಿಸ್, ಪೀಸಾ ಅಂತ ಲಿಸ್ಟ್ ಮಾಡಿಟ್ಟಿದ್ದೆ. ಅಕ್ಕ ಬರ್ಲಿಲ್ಲ, ಮಗಳ ಬಾಣಂತನ ಇತ್ತು. ಭಾವ ಲಿಸ್ಟ್ ನೋಡಿ "ಚರ್ಚು ಎಷ್ಟು ನೋಡುವುದು ಮಾರಾಯ, ನಿಂಗೆ ಎಂತ ನೋಡ್ಬೇಕು ಅಂತ ಉಂಟೋ ಅಲ್ಲಿಗೇ ಹೋಗುವ" ಅಂದ್ರು. ನಂಗೆ ನೋಡ್ಬೇಕು ಅಂತ ಇದ್ದದ್ದು ಒಬ್ಬನ ಊರು. ಫೌಸ್ಟೊ ಕೊಪ್ಪಿ ಅಂತ, ಸೈಕಲ್ ರೇಸಿನವ, 1919ರಲ್ಲಿ ಹುಟ್ಟಿ 1960ರಲ್ಲಿ ಹೋದವ. ವಾರಗಟ್ಟಲೆ ಓಡುವ ದೊಡ್ಡ ರೇಸ್‌ಗಳು ಉಂಟಲ್ಲ, ಇಟಲಿಯ ಜಿರೊ ದಿತಾಲಿಯಾ ಐದು ಸಲ, ಫ್ರಾನ್ಸಿನ ಟೂರ್ ದ ಫ್ರಾನ್ಸ್ ಎರಡು ಸಲ ಗೆದ್ದವ. ನನ್ನ ಹಳೇ ಸ್ಟೀಲ್ ರೇಸ್ ಸೈಕಲನ್ನು ಬಾಡಿಗೆ ಕಾರಿನ ಹಿಂದೆ ಕಟ್ಟಿ ಹೊರಟ್ವಿ.

ಒಂದನೇ ದಿನ, ಮಿಲಾನ್

ಮಿಲಾನಿಗೆ ತಲುಪುವಾಗ ಮಧ್ಯಾಹ್ನ ಮೂರಾಗಿತ್ತು, ಸೆಕೆ ಅಂದ್ರೆ ನಮ್ಮೂರ ಮೇ ತಿಂಗಳ ಹಾಗೆ. ಎಲ್ಲರೂ ಹೋಗುವ ದೊಡ್ಡ ಚರ್ಚಿಗೆ ಹೋಗದೆ ಸೀದಾ ವಿಗೊರೆಲ್ಲಿ ವೆಲೊಡ್ರೋಮಿಗೆ, ಅಂದ್ರೆ ಸೈಕಲ್ ರೇಸಿನ ಸ್ಟೇಡಿಯಮಿಗೆ ಹೋದ್ವಿ. ಗೇಟ್ ಹಾಕಿತ್ತು. ಹೊರಗಿಂದ ಕತ್ತು ಉದ್ದ ಮಾಡಿ ನೋಡಿದ್ದಷ್ಟೇ. ಮರದ ಪಟ್ಟಿ ಜೋಡಿಸಿ ಮಾಡಿದ ಟ್ರ್ಯಾಕ್, ತಿರುವಿನಲ್ಲಿ ಗೋಡೆಯ ಹಾಗೆ ಎದ್ದು ನಿಲ್ತದೆ.

ಇಲ್ಲಿ 1942 ನವೆಂಬರ್ 7ಕ್ಕೆ ಕೊಪ್ಪಿ ಅವರ್ ರೆಕಾರ್ಡ್ ಮಾಡಿದ್ದು. ಅಂದ್ರೆ ಒಂದು ಗಂಟೆಯಲ್ಲಿ ಒಬ್ಬನೇ ಎಷ್ಟು ದೂರ ಹೊಡೀತಾನೆ ಅಂತ ನೋಡುವುದು, ಅಷ್ಟೇ ರೂಲ್. 45.798 ಕಿಲೋಮೀಟರ್. ಅದೂ ಯುದ್ಧದ ಮಧ್ಯೆ, ಎರಡು ವಾರದ ಹಿಂದಷ್ಟೇ ಮಿಲಾನಿನ ಮೇಲೆ ಬಾಂಬ್ ಬಿದ್ದಿತ್ತು, ಇವನಿಗೆ ಇಪ್ಪತ್ಮೂರು ವರ್ಷ. ಆ ದಾಖಲೆ 1956ರಲ್ಲಿ ಫ್ರಾನ್ಸಿನ ಜಾಕ್ ಆಂಕೆತಿಲ್ ಮುರಿಯುವ ತನಕ ಹಾಗೇ ಇತ್ತು.

ಭಾವ ಗೇಟಿನ ಸರಳು ಹಿಡ್ಕೊಂಡು ಸ್ವಲ್ಪ ಹೊತ್ತು ಲೆಕ್ಕ ಹಾಕಿದ್ರು. "ಅಲ್ಲ ಮಾರಾಯ, ಇವ ನಮ್ಮ ಶಾಪಿಂದ ಒಂದು ಗಂಟೆ ಬಾಡಿಗೆಗೆ ತಗೊಂಡು ಹೋಗಿದ್ರೆ ಮಂಗಳೂರಿನ ಬಾಗಿಲಿಗೆ ಹೋಗಿ ಮುಟ್ತಿದ್ದ. ವಾಪಸ್ ತರ್ಲಿಕ್ಕೆ ಇನ್ನೊಂದು ಗಂಟೆ. ನಮ್ಮ ಅಪ್ಪ ಎಲ್ಲಿ ಹೋದ ಅಂತ ಹುಡುಕ್ತಾ ಇರ್ತಿದ್ರು."

ಯುದ್ಧದಲ್ಲಿ ಇವನನ್ನೂ ಸೈನ್ಯಕ್ಕೆ ಹಾಕಿ ಉತ್ತರ ಆಫ್ರಿಕಾಕ್ಕೆ ಕಳಿಸಿದ್ರು, 1943ರಲ್ಲಿ ಟ್ಯುನೀಸಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ ಕೈದಿಯಾದ. ಒಬ್ಬ ರೇಸರನ ಕಾಲಿಗೆ ಒಳ್ಳೇ ವರ್ಷಗಳು ಅಂತ ಯಾವುದು ಇರ್ತದೋ ಅದೇ ವರ್ಷಗಳು ಹೀಗೆ ಹೋದದ್ದು.

ಎರಡನೇ ದಿನ, ಗಿಸಾಲೊ

ಕೋಮೊ ಸರೋವರದ ದಂಡೆಯ ಬೆಲ್ಲಾಜಿಯೊದಿಂದ ಮೇಲೆ ಹತ್ತಿದ್ರೆ ಮಾಗ್ರೆಲ್ಯೊ ಅಂತ ಸಣ್ಣ ಊರು, ಅಲ್ಲಿ ಗುಡ್ಡದ ನೆತ್ತಿಯಲ್ಲಿ ಮದೋನ್ನಾ ದೆಲ್ ಗಿಸಾಲೊ ಅಂತ ಮೇರಿ ಮಾತೆಯ ಚಾಪೆಲ್. 754 ಮೀಟರ್ ಎತ್ತರ ಅಷ್ಟೇ, ಆದ್ರೆ ಬೆಲ್ಲಾಜಿಯೊ ಬಿಟ್ಟ ಕೂಡ್ಲೇ ಶುರುವಾಗುವ ಏರು ಉಂಟಲ್ಲ, ಅದು ಕಾಲಿನ ಮಾತು ಕೇಳುವುದಿಲ್ಲ. ನಾನು ಸೈಕಲ್ ಇಳಿಸಿ ಹತ್ತಿದೆ, ಭಾವ ಬಸ್ಸಲ್ಲಿ ಬಂದು ಮೇಲೆ ಕಾಫಿ ಕುಡ್ಕೊಂಡು ಕೂತಿದ್ರು. (ಅವರಿಗೆ ಲೈಸೆನ್ಸ್ ಉಂಟು, ಇಲ್ಲಿ ಬಲಗಡೆ ಓಡಿಸ್ಲಿಕ್ಕೆ ಧೈರ್ಯ ಇಲ್ಲ.)

1949ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಈ ಮಾತೆಯನ್ನು ಸೈಕಲಿನವರ ರಕ್ಷಕಿ ಅಂತ ಘೋಷಣೆ ಮಾಡಿದ್ರು. ಒಳಗೆ ಹೋದ್ರೆ ಸಣ್ಣ ಕೋಣೆ, ಗೋಡೆ ತುಂಬ ಜೆರ್ಸಿ, ಮೇಲೆ ಸಾಲಾಗಿ ಸೈಕಲ್ ನೇತು ಹಾಕಿದ್ದಾರೆ. ಕೊಪ್ಪಿಯದ್ದು, ಅವನ ಎದುರಾಳಿ ಬಾರ್ತಲಿಯದ್ದು, ಮತ್ತಿನ ಕಾಲದ ಬೆಲ್ಜಿಯಂ ರೇಸರ್ ಮೆರ್ಕ್ಸ್‌ದು. ಒಂದು ಮಾತ್ರ ಮುರಿದು ಬಗ್ಗಿದ್ದು. 1995ರ ಟೂರಿನಲ್ಲಿ ಇಳಿಜಾರಲ್ಲಿ ಬಿದ್ದು ತೀರಿಕೊಂಡ ಫಾಬಿಯೊ ಕಸಾರ್ತೆಲ್ಲಿಯದ್ದು. ಅದನ್ನು ರಿಪೇರಿ ಮಾಡದೆ ಹಾಗೇ ಇಟ್ಟಿದ್ದಾರೆ. ಭಾವ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ರು, ನಾನು ಬೇಡ ಅಂದ್ರೂ ಕೇಳ್ಲಿಲ್ಲ. "ಸುರ್ಯ ದೇವಸ್ಥಾನದಲ್ಲಿ ಮಣ್ಣಿನ ಹರಕೆ ಒಪ್ಪಿಸುವುದಿಲ್ವಾ, ಮನೆ ಬೇಕಾದವ ಮಣ್ಣಿನ ಮನೆ, ಕಾಲು ನೋವಿನವ ಮಣ್ಣಿನ ಕಾಲು, ಇದೂ ಅದೇ" ಅಂದ್ರು. ಹೌದಲ್ಲ ಅನ್ನಿಸಿತು.

ಇಲ್ಲಿಂದ ಹಾದು ಹೋಗುವ ಜಿರೊ ದಿ ಲೊಂಬಾರ್ದಿಯಾ ಅನ್ನುವ ಒಂದು ದಿನದ ರೇಸನ್ನು ಕೊಪ್ಪಿ ಐದು ಸಲ ಗೆದ್ದ, 1946ರಿಂದ 49ರ ತನಕ ಸಾಲಾಗಿ ನಾಲ್ಕು, ಮತ್ತೆ 1954ರಲ್ಲಿ ಒಂದು. ಚಾಪೆಲಿನ ಹೊರಗೆ ಅವನ ಕಂಚಿನ ಬಸ್ಟ್ ಉಂಟು, ಹತ್ತಿರವೇ ಬಾರ್ತಲಿಯದ್ದು.

ಈ ಜಿನೊ ಬಾರ್ತಲಿಯ ವಿಷಯ ಹೇಳದೆ ಕೊಪ್ಪಿಯ ಕಥೆ ಮುಂದೆ ಹೋಗುವುದಿಲ್ಲ. ಫ್ಲಾರೆನ್ಸ್ ಹತ್ತಿರದವ, ಕೊಪ್ಪಿಗಿಂತ ಐದು ವರ್ಷ ದೊಡ್ಡವ, ದೈವಭಕ್ತ. 1940ರಲ್ಲಿ ಕೊಪ್ಪಿಯನ್ನು ಲೆನ್ಯಾನೊ ಟೀಮಿಗೆ ಸೇರಿಸಿದ್ದು ಇವನಿಗೆ ಸಹಾಯ ಮಾಡ್ಲಿಕ್ಕೆ, ಗ್ರೆಗಾರಿಯೊ ಅಂತಾರೆ, ನೀರು ತರುವುದು, ಗಾಳಿಗೆ ಅಡ್ಡ ನಿಲ್ಲುವುದು, ಬೇಕಾದ್ರೆ ತನ್ನ ಚಕ್ರ ಬಿಚ್ಚಿ ಕೊಡುವುದು. ಬಾರ್ತಲಿ ಬಿದ್ದು ಪೆಟ್ಟು ಮಾಡ್ಕೊಂಡ, ನೀರು ತರುವ ಹುಡುಗ ಇಪ್ಪತ್ತರ ಪ್ರಾಯದಲ್ಲಿ ಜಿರೊ ಗೆದ್ದೇ ಬಿಟ್ಟ. ಅಲ್ಲಿಂದ ಇಡೀ ಇಟಲಿ ಎರಡು ಪಾಲು. ನಮ್ಮಲ್ಲಿ ಯಕ್ಷಗಾನದ ತೆಂಕಿನವರು ಬಡಗಿನವರು ಚಂಡೆ ಬಗ್ಗೆ ಚಹಾದ ಅಂಗಡಿಯಲ್ಲಿ ಜಗಳ ಮಾಡಿ ಮಾತು ಬಿಡ್ತಾರಲ್ಲ, ಆ ರೀತಿ. 1948ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಂತೂ ಇಬ್ರೂ ಒಬ್ಬರನ್ನೊಬ್ಬರು ಕಾಯ್ತಾ ಕಾಯ್ತಾ, ಅವ ಹೋಗದೆ ನಾನು ಹೋಗುವುದಿಲ್ಲ ಅಂತ, ಕಡೆಗೆ ಇಬ್ರೂ ರೇಸ್ ಬಿಟ್ಟು ಬಂದ್ರು, ಇಟಲಿಯ ಫೆಡರೇಶನ್‌ನವರು ಇಬ್ಬರನ್ನೂ ಸಸ್ಪೆಂಡ್ ಮಾಡಿದ್ರು. ಭಾವನಿಗೆ ಇದು ಭಯಂಕರ ಖುಷಿ ಕೊಟ್ಟಿತು. ಸಂಜೆಯವರೆಗೂ ನೆನಪಾದಾಗೆಲ್ಲ ನಗ್ತಿದ್ರು. ನಾನು ಮಾತ್ರ ಬಾರ್ತಲಿಯನ್ನು ಬರೀ ಜಗಳಗಂಟ ಅಂತ ಬಿಡ್ಲಿಕ್ಕೆ ತಯಾರಿಲ್ಲ. ಯುದ್ಧದ ಕಾಲದಲ್ಲಿ ಯಹೂದಿಗಳನ್ನು ಉಳಿಸ್ಲಿಕ್ಕೆ ಸುಳ್ಳು ಕಾಗದಪತ್ರಗಳನ್ನು ಸೈಕಲಿನಲ್ಲಿ ಅಡಗಿಸಿ ಸಾಗಿಸಿದವ ಅಂತ ಅವನಿಗೆ 2013ರಲ್ಲಿ ಯಹೂದಿ ಹತ್ಯಾಕಾಂಡದ ಸ್ಮಾರಕ ಸಂಸ್ಥೆಯಾದ ಇಸ್ರೇಲಿನ ಯಾದ್ ವಶೆಮ್ ಗೌರವ ಕೊಟ್ಟಿದೆ, ಅವ ಬದುಕಿರುವಾಗ ಅದರ ಬಗ್ಗೆ ಬಾಯಿ ಬಿಟ್ಟದ್ದು ಬಹಳ ಕಮ್ಮಿ.

ಮೂರನೇ ದಿನ, ನೋವಿ ಲಿಗುರೆ

ದಕ್ಷಿಣಕ್ಕೆ ಇಳಿದು ನೋವಿ ಲಿಗುರೆ. ಹೈವೇ, ಲಾರಿ, ಟೋಲ್, ಹೇಳುವಂಥದ್ದು ಏನಿಲ್ಲ.

ಕೊಪ್ಪಿ ಹುಟ್ಟಿದ್ದು ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಕಸ್ತೆಲ್ಲಾನಿಯಾ ಅನ್ನುವ ಗುಡ್ಡದ ಹಳ್ಳಿಯಲ್ಲಿ, ಬೇಸಾಯದ ಬಡ ಮನೆ. ಶಾಲೆಗೆ ಚಕ್ಕರ್ ಹಾಕಿ ತುಕ್ಕು ಹಿಡಿದ ಸೈಕಲ್ ತುಳಿದದ್ದಕ್ಕೆ "ನಾನು ಶಾಲೆಯಲ್ಲಿರಬೇಕು, ಸೈಕಲ್ ಮೇಲಲ್ಲ" ಅಂತ ಮೇಷ್ಟ್ರು ನೂರು ಸಲ ಬರೆಸಿದ್ರಂತೆ. ಹದಿಮೂರರ ಪ್ರಾಯಕ್ಕೆ ನೋವಿಗೆ ಬಂದು ಮಾಂಸದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ, ಮನೆ ಮನೆಗೆ ಸೈಕಲಲ್ಲಿ ಮಾಂಸ ಮುಟ್ಟಿಸುವುದು. ಕೊಪ್ಪಿಯ ಟ್ರೈನಿಂಗ್ ಶುರು ಆದದ್ದು ಅಲ್ಲಿಂದ ಅಂತ ಹೇಳ್ಬಹುದು.

ಆ ಊರಲ್ಲೇ ಇದ್ದದ್ದು ಬಿಯಾಜೊ ಕವಾನ್ನಾ. ಕಣ್ಣು ಹೋಗಿತ್ತು, ಮಸಾಜ್ ಮಾಡುವವ. ಅದಕ್ಕೂ ಮುಂಚೆ ನೋವಿಯವನೇ ಆದ ಹಿಂದಿನ ಕಾಲದ ದೊಡ್ಡ ರೇಸರ್ ಕೊಸ್ತಾಂತೆ ಜಿರಾರ್ದೆಂಗೊಗೆ ಮಸಾಜ್ ಮಾಡ್ತಿದ್ದ ಅಂದ್ರೆ ಸಣ್ಣ ಹೆಸರಲ್ಲ. ಕೈಯಲ್ಲೇ ನೋಡ್ತಿದ್ದ ಮನುಷ್ಯ, ಹುಡುಗರ ತೊಡೆ, ಬೆನ್ನು, ನಾಡಿ ಎಲ್ಲ ಮುಟ್ಟಿ ಇವ ಆಗ್ತಾನೆ, ಇವ ಆಗುವುದಿಲ್ಲ ಅಂತ ಹೇಳ್ತಿದ್ದ. ಕೊಪ್ಪಿ ನೋಡ್ಲಿಕ್ಕೆ ಏನೂ ಅಲ್ಲ, ಉದ್ದ ಸಪೂರ ಕಾಲು, ಗಿಡ್ಡ ಮುಂಡ, ಪಕ್ಷಿಯ ಹಾಗೆ ಎದೆಗೂಡು ಮುಂದೆ ಬಂದದ್ದು, ನೆಲದ ಮೇಲೆ ನಡೆಯುವಾಗ ಬಿದ್ದು ಬಿಡ್ತಾನೇನೋ ಅನ್ನಿಸ್ತಿತ್ತಂತೆ. ಎಲುಬೂ ಅಷ್ಟೇ, ಬಿದ್ದಾಗಲೆಲ್ಲ ಮುರೀತಿತ್ತು, 1950ರ ಜಿರೊದಲ್ಲಿ ಸೊಂಟದ ಎಲುಬೇ ಹೋಯ್ತು. ಅಂಥವನ ಮೈ ಮುಟ್ಟಿ ಒಳಗೆ ಎಂತ ಉಂಟು ಅಂತ ಹಿಡಿದದ್ದು ಕಣ್ಣಿಲ್ಲದವ.

ನೋವಿಯಲ್ಲಿ 2003ರಲ್ಲಿ ಶುರುವಾದ ಮ್ಯೂಸಿಯಂ ಉಂಟು, ಕಂಪಿಯೊನಿಸ್ಸಿಮಿಗಳದ್ದು, ಅಂದ್ರೆ ಚಾಂಪಿಯನ್‌ಗಳಿಗೆ ಚಾಂಪಿಯನ್ ಆದವರದ್ದು. ನಾನು ಫೋಟೊ ನೋಡ್ತಾ ಹೋದೆ, ಭಾವ ಒಂದು ಹಳೇ ಸೈಕಲಿನ ಹಿಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತವರು ಏಳ್ಲೇ ಇಲ್ಲ. ಸೀಟಿನ ಕೆಳಗಿಂದ ಹಿಂದಿನ ಆಕ್ಸಲಿಗೆ ಬರುವ ಕೊಳವೆಯ ಪಕ್ಕದಲ್ಲಿ ಎರಡು ಸರಳು. "ಇದೆಂತದು, ಬ್ರೇಕ್ ಅಲ್ಲವಲ್ಲ" ಅಂದ್ರು. ಅದು ಕಂಪನ್ಯೋಲೊ ಕಂಪೆನಿಯ ಕಾಂಬಿಯೊ ಕೊರ್ಸಾ ಗೇರ್. ಓಡ್ತಾ ಇರುವಾಗಲೇ ಕೈ ಹಿಂದೆ ಹಾಕಿ ಒಂದು ಸರಳು ತಿರುಗಿಸಿದ್ರೆ ಹಿಂದಿನ ಚಕ್ರ ಸಡಿಲ ಆಗ್ತದೆ, ಪೆಡಲ್ ಹಿಂದಕ್ಕೆ ತುಳೀತಾ ಇನ್ನೊಂದು ಸರಳಿನಲ್ಲಿ ಚೈನನ್ನು ಪಕ್ಕದ ಹಲ್ಲಿಗೆ ದಾಟಿಸ್ಬೇಕು, ಚಕ್ರ ತಾನಾಗಿ ಹಿಂದೆ ಮುಂದೆ ಜಾರಿ ಚೈನ್ ಬಿಗಿ ಮಾಡ್ಕೊಳ್ತದೆ, ಮತ್ತೆ ಮೊದಲಿನ ಸರಳು ಬಿಗಿ ಮಾಡ್ಬೇಕು. ಇಷ್ಟೂ ಒಂದೇ ಕೈಯಲ್ಲಿ, ಏರಿನಲ್ಲಿ, ಪಕ್ಕದಲ್ಲಿ ವೈರಿ ಕಾಯ್ತಾ ಇರುವಾಗ! ಭಾವ ಎರಡು ನಿಮಿಷ ಮಾತಾಡ್ಲಿಲ್ಲ. ಆಮೇಲೆ "ಓಡುವ ಸೈಕಲಿನ ಹಿಂದಿನ ಚಕ್ರ ಸಡಿಲ ಮಾಡುವುದು! ನಮ್ಮ ಶಾಪಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ಅಪ್ಪ ಸ್ಪ್ಯಾನರಲ್ಲೇ ಹೊಡೀತಿದ್ರು" ಅಂದ್ರು. ಇದೇ ಜಾತಿಯ, ಒಂದೇ ಸರಳಿನ ಗೇರಲ್ಲಿ ಕೊಪ್ಪಿ ಫ್ರಾನ್ಸಿನ ಒಂದು ದಿನದ ರೇಸ್ ಪ್ಯಾರಿಸ್-ರೂಬೆಯನ್ನು 1950ರಲ್ಲಿ ಗೆದ್ದ ಮೇಲೆ ಆ ಗೇರಿಗೆ ಪ್ಯಾರಿಸ್-ರೂಬೆ ಅಂತಲೇ ಹೆಸರು ಬಂತು.

ರಾತ್ರಿ ಊಟಕ್ಕೆ ಕೂತಾಗ ಬಿಳಿ ಬಟ್ಟೆಯ ಹೆಂಗಸಿನ ಕಥೆ ಹೇಳಿದೆ. ಜೂಲಿಯಾ ಒಕ್ಕಿನಿ, ಒಬ್ಬ ಡಾಕ್ಟರರ ಹೆಂಡತಿ, ಪೇಪರಿನವರು ಅವಳಿಗೆ ದಾಮಾ ಬಿಯಾಂಕಾ ಅಂತ ಹೆಸರಿಟ್ರು. ಕೊಪ್ಪಿಗೂ ಹೆಂಡತಿ, ಮಗಳು ಇದ್ರು. ಇಬ್ರೂ ಮನೆ ಬಿಟ್ಟು ನೋವಿ ಹತ್ತಿರ ಒಟ್ಟಿಗೆ ಇರ್ಲಿಕ್ಕೆ ಶುರು ಮಾಡಿದಾಗ ಇಟಲಿಯಲ್ಲಿ ಡೈವೋರ್ಸೇ ಇರ್ಲಿಲ್ಲ, ಅದು ಬಂದದ್ದು 1970ಕ್ಕೆ. ವ್ಯಭಿಚಾರ ಅಪರಾಧ. ಪೊಲೀಸರು ಬಂದ್ರು, ಅವಳನ್ನು ಜೈಲಿಗೂ ಹಾಕಿದ್ರು, 1955ರಲ್ಲಿ ಕೇಸ್ ನಡೆದು ಇಬ್ಬರಿಗೂ ಶಿಕ್ಷೆ ಆಯ್ತು, ಆದ್ರೆ ಅಮಾನತಲ್ಲಿ ಇಟ್ರು. ಮಗುವಿಗೆ ಕೊಪ್ಪಿಯ ಹೆಸರು ಸಿಗ್ಲಿ ಅಂತ ಹೆರಿಗೆಗೆ ಅರ್ಜೆಂಟಿನಾದ ಬ್ಯೂನಸ್ ಐರಿಸ್ ತನಕ ಹೋದ್ರು. ಭಾವ ಛೀ ಥೂ ಅಂತಾರೆ ಅಂದ್ಕೊಂಡಿದ್ದೆ. ಪಾಸ್ತಾ ಸುತ್ತುತ್ತಾ "ನಮ್ಮಲ್ಲೂ ಆ ಕಾನೂನು ಮೊನ್ನೆ ಮೊನ್ನೆ ತನಕ ಇತ್ತಲ್ವಾ" ಅಂದ್ರು. ಹೌದು, 2018ರಲ್ಲಿ ಸುಪ್ರೀಂ ಕೋರ್ಟ್ ತೆಗೆದದ್ದು.

ನಾಲ್ಕನೇ ದಿನ, ಐದು ಕಣಿವೆ

ಹಿಂದಿನ ರಾತ್ರಿಯೇ ಕುನೆಯೊಗೆ ಬಂದು ಮಲಗಿದ್ವಿ. ಈ ದಿನಕ್ಕೋಸ್ಕರವೇ ನಾನು ಇಷ್ಟು ದೂರ ಬಂದದ್ದು. 1949 ಜೂನ್ 10, ಜಿರೊದ ಹದಿನೇಳನೇ ಸ್ಟೇಜ್ (ಸ್ಟೇಜ್ ಅಂದ್ರೆ ಒಂದು ದಿನದ ಓಟ), ಕುನೆಯೊದಿಂದ ಪಿನೆರೊಲೊ, 254 ಕಿಲೋಮೀಟರ್, ಮಧ್ಯದಲ್ಲಿ ಆಲ್ಪ್ಸ್‌ನ ಐದು ಕಣಿವೆದಾರಿ: ಮದ್ದಲೇನಾ, ವಾರ್ಸ್, ಇಝೋಆರ್, ಮೊಂಜೆನೆವ್ರ್, ಸೆಸ್ತ್ರಿಯೆರೆ. ನಾವು ಕಾರಲ್ಲಿ ಹೋದ್ರೂ ಬೆಳಿಗ್ಗೆ ಆರಕ್ಕೆ ಹೊರಟು ಪಿನೆರೊಲೊ ಮುಟ್ಟುವಾಗ ಕತ್ತಲಾಗಿತ್ತು. (ನಾವು ನಿಲ್ಲಿಸಿ ನಿಲ್ಲಿಸಿ ಹೋದದ್ದು, ಅದು ಬೇರೆ.)

ಮದ್ದಲೇನಾದ ಏರಿನಲ್ಲಿ ಮೊದಲು ಮುಂದೆ ಹಾರಿದ್ದು ಪ್ರಿಮೊ ವೊಲ್ಪಿ, ಅವನ ಹಿಂದೆ ಕೊಪ್ಪಿ ಹೋದ, ಸ್ವಲ್ಪದರಲ್ಲಿ ಅವನನ್ನೂ ಬಿಟ್ಟು ಒಬ್ಬನೇ. ಪಿನೆರೊಲೊಗೆ ಆಗ ಇನ್ನೂ 192 ಕಿಲೋಮೀಟರ್ ಇತ್ತು. ಪುತ್ತೂರಿಂದ ಮಡಿಕೇರಿಗೆ ಹೋಗಿ ವಾಪಸ್ ಬರುವುದಕ್ಕಿಂತ ಜಾಸ್ತಿ, ಅದೂ ನಮ್ಮ ಘಾಟಿಗಿಂತ ಎರಡು ಪಟ್ಟು ಎತ್ತರದಲ್ಲಿ, ಹೆಚ್ಚಿನ ಕಡೆ ಡಾಮರೇ ಇಲ್ಲದ ಕಲ್ಲು ಮಣ್ಣಿನ ರೋಡಲ್ಲಿ. ರೇಡಿಯೊದಲ್ಲಿ ಮಾರಿಯೊ ಫೆರೆಟ್ಟಿ ಅವತ್ತು ಹೇಳಿದ ಮಾತು ಇಟಲಿಯಲ್ಲಿ ಮಕ್ಕಳಿಗೂ ಬರ್ತದೆ: "ಒಬ್ಬನೇ ಒಬ್ಬ ಮುಂದಿದ್ದಾನೆ, ಅವನ ಅಂಗಿ ಬಿಳಿ-ಆಕಾಶನೀಲಿ, ಅವನ ಹೆಸರು ಫೌಸ್ಟೊ ಕೊಪ್ಪಿ." ಆ ಬಣ್ಣ ಅವನ ಟೀಮಿನ ಬಿಯಾಂಕಿ ಸೈಕಲ್ ಕಂಪೆನಿಯದ್ದು.

ವಾರ್ಸ್ ದಾಟುವಾಗ ಭಾವನಿಗೆ ತಿರುವಿಗೆ ತಲೆ ತಿರುಗಿತು, ಕಾರು ನಿಲ್ಲಿಸಿ, ಶುಂಠಿ ಪೆಪ್ಪರಮಿಂಟ್ ಕೊಟ್ಟು, ಸ್ವಲ್ಪ ಕೂತು ಹೋದ್ವಿ. "ಇವ ಮದ್ದು ಗಿದ್ದು ತಗೊಳ್ತಿದ್ನಾ?" ಅಂತ ಕೇಳಿದ್ರು. ತಗೊಳ್ತಿದ್ದ. ಆಗ ನಿಷೇಧ ಇರ್ಲಿಲ್ಲ, ಆಂಫೆಟಮಿನ್, ಅದಕ್ಕೆ ಲಾ ಬೊಂಬಾ ಅಂತ ಅವರ ಭಾಷೆ. ಟಿವಿಯಲ್ಲಿ ಕೇಳಿದಾಗ ಅವನೇ ಒಪ್ಪಿಕೊಂಡ, ಬೇಕಾದಾಗ ಮಾತ್ರ ಅಂದ, ಬೇಕಾಗುವುದು ಯಾವಾಗ ಅಂದ್ರೆ ಹೆಚ್ಚು ಕಮ್ಮಿ ಯಾವಾಗಲೂ ಅಂದ. ಇದನ್ನು ಮುಚ್ಚಿಟ್ಟು ಬರೆಯುವವರು ಕಂಡ್ರೆ ನಂಗೆ ಆಗುವುದಿಲ್ಲ. ಆದ್ರೆ ಬರೀ ಮಾತ್ರೆ ನುಂಗಿ 192 ಕಿಲೋಮೀಟರ್ ಒಬ್ಬನೇ ಹೋಗ್ಲಿಕ್ಕೆ ಆಗ್ತದೆ ಅಂತ ಹೇಳುವವರು ಒಂದು ಸಲ ಈ ರೋಡಿಗೆ ಬರ್ಲಿ.

ಇಝೋಆರ್‌ನ ನೆತ್ತಿಗೆ ಎರಡು ಕಿಲೋಮೀಟರ್ ಮುಂಚೆ ಕಾಸ್ ದೆಸೆರ್ತ್ ಅಂತ ಜಾಗ. ಮರ ಇಲ್ಲ, ಹುಲ್ಲಿಲ್ಲ, ಬೂದು ಬಣ್ಣದ ಜಲ್ಲಿಯ ಗುಡ್ಡ, ಅದರ ಮಧ್ಯೆ ಕೋಡುಗಲ್ಲುಗಳು. ಬಂಡೆಯ ಮೇಲೆ ಕೊಪ್ಪಿಗೂ ಫ್ರಾನ್ಸಿನ ರೇಸರ್ ಲೂಯಿಸೊ ಬೊಬೆಗೂ ಸೇರಿ ಫಲಕ ಇಟ್ಟಿದ್ದಾರೆ. ಅಲ್ಲಿಂದ ಮೇಲೆ ನಾನು ಸೈಕಲಲ್ಲೇ ಹೋಗ್ಬೇಕು ಅಂತ ಇಳಿಸಿದೆ. ಮುನ್ನೂರು ಮೀಟರ್ ಹೋಗಿಲ್ಲ, ನಿಂತು ತುಳಿದೆ ನೋಡಿ, ಟಕ್ ಅಂತ ಚೈನ್ ಕಡಿದು ಹಾವಿನ ಹಾಗೆ ರೋಡಲ್ಲಿ ಬಿತ್ತು. ನಮ್ಮ ಹತ್ರ ಚೈನ್ ಟೂಲ್ ಇಲ್ಲ. ನಾನು ಕಾರಿಗೆ ಹಾಕುವ ಅಂತ ಹೊರಟಾಗ ಭಾವ "ನಿಲ್ಲು" ಅಂದ್ರು. ಒಂದು ಚಪ್ಪಟೆ ಕಲ್ಲು ಅಡಿಗೆ ಇಟ್ರು, ಒಂದು ಉರುಟು ಕಲ್ಲು ಕೈಯಲ್ಲಿ, ಕಾರಿನ ಟೂಲ್ ಕಿಟ್ಟಿಂದ ಸಪೂರ ಸ್ಕ್ರೂ ಡ್ರೈವರ್ ತೆಗೆದು ಹಾಳಾದ ಕೊಂಡಿಯ ಪಿನ್ನಿನ ಮೇಲೆ ಇಟ್ಟು ಸಣ್ಣ ಸಣ್ಣ ಪೆಟ್ಟು. ಪಿನ್ ಪೂರ್ತಿ ಹೊರಗೆ ಬಿಡ್ಲಿಲ್ಲ, ಕೂದಲೆಳೆಯಷ್ಟು ಒಳಗೆ ಉಳಿಸಿ, ಆ ಕೊಂಡಿ ಬಿಟ್ಟು ಮುಂದಿನದ್ದಕ್ಕೆ ಸೇರಿಸಿ, ಸೈಕಲ್ ಮಗುಚಿ ಆ ಕಡೆಯಿಂದ ಪೆಟ್ಟು. ಕೈಯೆಲ್ಲ ಕಪ್ಪು ಗ್ರೀಸ್. ಪೆಡಲ್ ಒಂದು ಸುತ್ತು ಕೈಯಲ್ಲಿ ತಿರುಗಿಸಿ ಕಿವಿ ಹತ್ರ ಇಟ್ಟು ಕೇಳಿ, "ಒಂದು ಕೊಂಡಿ ಬಿಗಿ ಉಂಟು, ದೊಡ್ಡ ಹಲ್ಲಿಗೆ ಹಾಕ್ಬೇಡ, ಹೋಗು" ಅಂದ್ರು. 2360 ಮೀಟರಿಗೆ ಹೋಗಿ ಮುಟ್ಟಿದೆ. ಎಷ್ಟು ಹೊತ್ತು ಹಿಡಿಯಿತು ಅಂತ ಮಾತ್ರ ಕೇಳ್ಬೇಡಿ.

ಕೊಪ್ಪಿ ಆ ದಿನ ಒಂಬತ್ತು ಗಂಟೆ ಇಪ್ಪತ್ತು ನಿಮಿಷದ ಹತ್ತಿರ ತುಳಿದ. ಎರಡನೆಯವ ಬಾರ್ತಲಿ ಬಂದದ್ದು 11 ನಿಮಿಷ 52 ಸೆಕೆಂಡ್ ಬಿಟ್ಟು, ಮೂರನೆಯವ ಸುಮಾರು 19 ನಿಮಿಷ ಬಿಟ್ಟು. ಅದೇ ವರ್ಷ ಜುಲೈಯಲ್ಲಿ ಟೂರನ್ನೂ ಗೆದ್ದ, ಒಂದೇ ವರ್ಷ ಎರಡೂ ಗೆದ್ದವರಲ್ಲಿ ಇವನೇ ಮೊದಲಿಗ. 1952ರಲ್ಲಿ ಮತ್ತೆ ಹಾಗೇ ಮಾಡಿದ. ಆ 52ರ ಟೂರಲ್ಲಿ ಇವನ ಗ್ರೆಗಾರಿಯೊ ಆಂದ್ರೆಯಾ ಕರೆಯಾನಿಗೆ ಲೊಸಾನಲ್ಲಿ ಹಳದಿ ಜೆರ್ಸಿ, ಅಂದ್ರೆ ಒಟ್ಟು ಲೆಕ್ಕದಲ್ಲಿ ಮುಂದಿರುವವನ ಅಂಗಿ, ಸಿಕ್ಕಿಬಿಟ್ಟಿತು, ನಾಜಿಗಳ ಬುಖೆನ್‌ವಾಲ್ಡ್ ಕ್ಯಾಂಪಿನಿಂದ ಬದುಕಿ ಬಂದ ಗಟ್ಟಿ ಮನುಷ್ಯ ಅವ, ಕೊಪ್ಪಿ ಏನು ಅಂದ್ಕೊಳ್ತಾನೋ ಅಂತ ಅತ್ತ. ಮರುದಿನ ಟೂರ್ ಮೊತ್ತಮೊದಲ ಬಾರಿಗೆ ಆಲ್ಪ್ ದುಯೆಝ್ ಬೆಟ್ಟ ಹತ್ತಿತು, ಕೊಪ್ಪಿ ಗೆದ್ದು ಹಳದಿಯನ್ನು ತಾನೇ ತಗೊಂಡ.

ಐದನೇ ದಿನ, ಟೊರಿನೊ, ತೊರ್ತೊನಾ, ಕಸ್ತೆಲ್ಲಾನಿಯಾ

ಟೊರಿನೊದಲ್ಲಿ ನಿಂತದ್ದು ಪೆಟ್ರೋಲಿಗೆ ಮಾತ್ರ. ರೋಡಲ್ಲಿ ಟ್ರಾಮ್ ಹಳಿ ಕಂಡಾಗ ಭಾವನಿಗೆ ಸೆರ್ಸೆಯ ವಿಷಯ ಹೇಳಿದೆ. ಕೊಪ್ಪಿಯ ತಮ್ಮ, ಅವನೂ ರೇಸರ್, 1949ರ ಪ್ಯಾರಿಸ್-ರೂಬೆಯಲ್ಲಿ ಜಂಟಿ ವಿಜೇತ. 1951 ಜೂನ್ 29, ಜಿರೊ ದೆಲ್ ಪಿಯೆಮೊಂತೆ, ಇದೇ ಊರಲ್ಲಿ ಫಿನಿಶ್ ಹತ್ತಿರ ಟ್ರಾಮ್ ಹಳಿಗೆ ಚಕ್ರ ಸಿಕ್ಕಿ ಬಿದ್ದ. ಎದ್ದು ರೇಸ್ ಮುಗಿಸಿದ, ಹೋಟೆಲಿಗೆ ಹೋದ, ರಾತ್ರಿ ಮಿದುಳಲ್ಲಿ ರಕ್ತಸ್ರಾವ ಆಗಿ ಹೋಗಿಬಿಟ್ಟ. ಕೆಲವೇ ದಿನದಲ್ಲಿ ಕೊಪ್ಪಿ ಟೂರಿಗೆ ಹೋದ, ಹೋಗ್ಬಾರದಿತ್ತು, ಮೊಂಪೆಲಿಯೆಯ ಸ್ಟೇಜಿನಲ್ಲಿ ಅರ್ಧ ಗಂಟೆಗಿಂತ ಹಿಂದೆ ಬಿದ್ದ.

ತೊರ್ತೊನಾದಿಂದ ಒಳಗೆ ಗುಡ್ಡದ ರೋಡು, ಎರಡೂ ಕಡೆ ದ್ರಾಕ್ಷಿ ತೋಟ. ಕಸ್ತೆಲ್ಲಾನಿಯಾದಲ್ಲಿ ನೂರು ಜನವೂ ಇಲ್ಲ. ನೂರನೇ ಹುಟ್ಟುಹಬ್ಬದ ವರ್ಷ 2019ರಲ್ಲಿ ಊರಿನ ಹೆಸರನ್ನೇ ಕಸ್ತೆಲ್ಲಾನಿಯಾ ಕೊಪ್ಪಿ ಅಂತ ಮಾಡಿದ್ದಾರೆ. ಮನೆ ಗೋಡೆಗಳ ಮೇಲೆ ಆಳೆತ್ತರಕ್ಕಿಂತ ದೊಡ್ಡ ಫೋಟೊಗಳು, ಬಿಸಿಲಲ್ಲಿ ಒಂದು ನಾಯಿ ಮಲಗಿತ್ತು, ಬೇರೆ ಸದ್ದಿಲ್ಲ. ಅಣ್ಣ ತಮ್ಮ ಇಬ್ಬರ ಸಮಾಧಿ ಅಕ್ಕಪಕ್ಕ.

ಭಾವ ಕೇಳಿದ್ರು, "ನಲ್ವತ್ತಕ್ಕೆ ಹೋದದ್ದಾ? ಎಂತ ಆಗಿ?"

"ಮಲೇರಿಯಾ."

ಭಾವ ನನ್ನ ಮುಖವನ್ನೇ ನೋಡಿದ್ರು. 1959 ಡಿಸೆಂಬರಿನಲ್ಲಿ ಪಶ್ಚಿಮ ಆಫ್ರಿಕಾದ ಅಪ್ಪರ್ ವೋಲ್ಟಾಕ್ಕೆ, ಈಗಿನ ಬುರ್ಕಿನಾ ಫಾಸೊ, ಒಂದು ರೇಸ್, ಸ್ವಲ್ಪ ಬೇಟೆ ಅಂತ ಹೋಗಿದ್ರು ಕೊಪ್ಪಿ, ಫ್ರಾನ್ಸಿನ ರೇಸರ್ ರಫಾಯೆಲ್ ಜೆಮಿನಿಯಾನಿ ಮತ್ತೆ ಕೆಲವರು. ಕೊಪ್ಪಿ, ಜೆಮಿನಿಯಾನಿ ಇಬ್ರಿಗೂ ಊರಿಗೆ ಬಂದ ಮೇಲೆ ಜ್ವರ. ಫ್ರಾನ್ಸಿನಲ್ಲಿ ಜೆಮಿನಿಯಾನಿಯ ರಕ್ತ ಪರೀಕ್ಷೆ ಮಾಡಿ, ಮಲೇರಿಯಾ ಅಂತ ಗೊತ್ತಾಗಿ ಕ್ವಿನೈನ್ ಕೊಟ್ರು, ಕೋಮಾಕ್ಕೆ ಹೋದವ ಎದ್ದು ಬಂದ. ಇಲ್ಲಿ ಡಾಕ್ಟರುಗಳು ಫ್ಲೂ ಅಂದ್ಕೊಂಡ್ರು, ಎದೆಯ ಸೋಂಕು ಅಂದ್ಕೊಂಡ್ರು. 1960 ಜನವರಿ 2ಕ್ಕೆ ತೊರ್ತೊನಾದ ಆಸ್ಪತ್ರೆಯಲ್ಲಿ ತೀರಿಕೊಂಡ.

"ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಗಾಜಿನ ಮೇಲೆ ಉಜ್ಜಿದ್ರೆ ಆಗ್ತಿತ್ತಲ್ಲ" ಅಂದ್ರು ಭಾವ. ಅವರು ಪ್ರಾಯದಲ್ಲಿ ಮಂಗಳೂರಲ್ಲಿ ಎರಡು ವರ್ಷ ಇದ್ದಾಗ ಮೂರು ಸಲ ಮಲೇರಿಯಾ ಬಂದಿತ್ತು, ನಮ್ಮ ಕಡೆ ಜ್ವರ ಬಂತು ಅಂದ್ರೆ ಡಾಕ್ಟರು ಬಾಯಿ ತೆರೆಯುವ ಮುಂಚೆ ನಾವೇ ರಕ್ತ ಕೊಟ್ಟು ಬಂದಿರ್ತೇವೆ. "ಹದಿನಾಲ್ಕು ದಿನ ಮಾತ್ರೆ ನುಂಗಿದ್ದೆ, ಬಾಯೆಲ್ಲ ಕಹಿ" ಅಂದ್ರು. ಮತ್ತೆ ಸುಮಾರು ಹೊತ್ತು ಕಲ್ಲಿನ ಮೇಲಿನ ಹೆಸರನ್ನು ನೋಡ್ತಾ ನಿಂತ್ರು.

ಅಷ್ಟರಲ್ಲಿ ಒಬ್ರು ಅಜ್ಜ ಏದುಸಿರು ಬಿಡ್ತಾ ಸೈಕಲಲ್ಲಿ ಬಂದು, ಅದನ್ನು ಗೋಡೆಗೆ ಒರಗಿಸಿ ಟೊಪ್ಪಿ ತೆಗೆದು ಒಳಗೆ ಬಂದ್ರು. ಬಿಯಾಂಕಿಯೇ, ಬಣ್ಣ ಮಾಸಿದ್ದು. ಹೊರಗೆ ಬರುವಾಗ ಭಾವನ ಕೈ ತಡೀಲಿಲ್ಲ, ಹಿಂದಿನ ಟಯರಿಗೆ ಹೆಬ್ಬೆರಳು ಒತ್ತಿದ್ರು. ಅಜ್ಜ ನೋಡೇ ಬಿಟ್ರು. ನಾನು ಸ್ಕೂಸಿ ಸ್ಕೂಸಿ ಅಂತ ಹೇಳ್ತಾ ಇದ್ರೆ ಭಾವ ಅವರಿಗೆ ಸೀದಾ ಕನ್ನಡದಲ್ಲೇ "ಗಾಳಿ ಕಮ್ಮಿ ಉಂಟು ನಿಮ್ದು" ಅಂದ್ರು. ಅಜ್ಜ ತಾವೂ ಒತ್ತಿ ನೋಡಿದ್ರು, ತಲೆ ಆಡಿಸಿದ್ರು, ಫ್ರೇಮಿಂದ ಪಂಪ್ ಬಿಚ್ಚಿ ಭಾವನ ಕೈಗೆ ಕೊಟ್ರು.